ಮೂರನೇ ಚರಣ

ಒಂದು ಊರಿನಲ್ಲಿ ಒಂದು ಗಾಜಿನ ಗೋಡೆ ಇತ್ತಂತೆ, ಗೋಡೆಯ ಆ ಕಡೆ ಒಬ್ಬ ಹಾಡುಗಾರ್ತಿ, ಈ ಕಡೆ ಬಾಯಿ ಮುಚ್ಚಿಕೊಂಡು ಕೂತ ಒಬ್ಬ ಹುಡುಗಿ, ಹ್ಞೂಂ, ಹಾಡುಗಾರ್ತಿ ಬಾಯಿ ತೆರೆಯುವುದು ಹುಡುಗಿಗೆ ಕಾಣುತ್ತಿತ್ತಂತೆ, ಹ್ಞೂಂ — ಹೇಳುವವಳೂ ನಾನೇ, ಹ್ಞೂಂ ಅನ್ನುವವಳೂ ನಾನೇ, ಮನಸ್ಸಿನೊಳಗೆ ಅಂದುಕೊಂಡರೆ ಯಾವ ಮೈಕಿಗೂ ಸಿಗುವುದಿಲ್ಲ — ಬಾಯಿ ಅಲ್ಲಿ ತೆರೆಯುತ್ತದೆ, ದನಿ ಇಲ್ಲಿ ಈ ಸ್ಪೀಕರಿನಿಂದ ಬರುತ್ತದೆ, ಯಾರದೋ ದನಿಯನ್ನು ಯಾರಿಗೋ ಅಂಟಿಸಿದ ಹಾಗೆ, ಮಧ್ಯೆ ಡೇಲ್ ಸೂರ್ಯಕಾಂತಿ ಬೀಜ ಕಡಿಯುವ ಕಟ್ ಕಟ್, ಅವನು ಸದ್ದು ಮಾಡಬಹುದು, ಅವನು ರೆಕಾರ್ಡಿಂಗ್ ಇಂಜಿನಿಯರು, ಮೇಜಿನ ತುಂಬ ಗುಂಡಿಗಳು ಅವನವು, ಅಣ್ಣನಿಗೆ ಹೇಳಿದ್ದಕ್ಕೆ ಗುಂಡಿ ತಿರುಗಿಸೋನೂ ಇಂಜಿನಿಯರಾ ಅಂತ ನಕ್ಕಿದ್ದ, ನಗಲಿ, ಈಗ ಎರಡನೇ ಚರಣ ಮುಗಿಯಿತು, ಪಿಯಾನೊ ಒಂದು ಸುತ್ತು ಸುತ್ತಿಕೊಂಡು ಬರುತ್ತಿದೆ, ಮುದುಕ ಟಾಲಿವರ್ ಬಗ್ಗಿದ ಬೆನ್ನಿನಲ್ಲೇ ದಾರಿ ಬಿಡುತ್ತಿದ್ದಾನೆ, ಬನ್ನಿ ಮಿಸ್ ವರ್ಡೆಲ್, ಬನ್ನಿ, ಈ ಸಲ ಬನ್ನಿ, ಅವಳು ಉಸಿರು ತೆಗೆದುಕೊಂಡಳು, ತುಟಿ ತೆರೆದವು, ತೆರೆದೇ ಇದ್ದವು — ಕೈ ಎತ್ತಿಬಿಟ್ಟಳು. ಮತ್ತೆ ಮೊದಲಿಂದ, ಅಂದಳು ಸ್ಪೀಕರಿನಲ್ಲಿ. ಮತ್ತೆ. ಬೆಳಿಗ್ಗೆಯಿಂದ ಇದೇ ಮತ್ತೆ. ಮೊದಲ ಚರಣ ಬರುತ್ತದೆ, ಎರಡನೆಯದು ಬರುತ್ತದೆ, ಮೂರನೆಯದರ ಹೊಸ್ತಿಲಲ್ಲಿ ನಿಂತು ಕೈ ಎತ್ತುತ್ತಾಳೆ. ನನ್ನ ಪಕ್ಕದಲ್ಲಿ ನಿಂತ ಮಿಸ್ಟರ್ ಲೋವೆಲ್ ಗೋಡೆಯ ಗಡಿಯಾರ ನೋಡಿದರು, ಈ ಪುಟ್ಟ ರೆಕಾರ್ಡ್ ಕಂಪನಿಯ ಯಜಮಾನರು, ಬರ್ಕ್ಲಿಯ ಗ್ಯಾರೇಜಿನ ತುಂಬ ಹಳೆಯ ಪ್ಲೇಟುಗಳನ್ನು ಗೋಧಿ ಮೂಟೆಯ ಹಾಗೆ ಪೇರಿಸಿಟ್ಟವರು, ಐದಕ್ಕೆ ವಾದ್ಯದವರು ಹೋಗ್ತಾರೆ, ಅಂದರು ಯಾರಿಗೂ ಅಲ್ಲದ ಹಾಗೆ, ಇವತ್ತೇ ಕಡೆ. ಗೊತ್ತು, ಇವತ್ತೇ ಕಡೆ, ಉಳಿದ ಹಾಡುಗಳೆಲ್ಲ ಆದವು, ಇದೊಂದೇ ಉಳಿದಿದೆ, ಅವಳೇ ಕಟ್ಟಿದ ಹಾಡು ಅಂತ ಇರುವುದೂ ಇದೊಂದೇ.

ನಾನು ಅಲ್ಲಿದ್ದಿದ್ದರೆ. ಅವಳ ಎದುರಿಗೆ, ನೆಲದ ಮೇಲೆ, ಅಜ್ಜಿಯ ಎದುರಿಗೆ ಕೂರುತ್ತಿದ್ದ ಹಾಗೆ — ಚಿಕ್ಕಬಳ್ಳಾಪುರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಸಾಲುಮನೆ, ಬೇಯಿಸಿದ ಗೂಡಿನ ನಾತ ಗೋಡೆಗಳಿಗೆಲ್ಲ ಹತ್ತಿಕೊಂಡಿರುತ್ತಿತ್ತು, ಅಜ್ಜಿಯ ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆ, ಹೆಬ್ಬೆರಳಿನಲ್ಲಿ ಒತ್ತಿದರೆ ಕಾಳು ಸಿಪ್ಪೆಯಿಂದ ಪುಳಕ್ಕನೆ ಹಾರಿ ತಟ್ಟೆಗೆ ಬೀಳುವುದು, ಒಂದು ಮಾತು, ಒಂದು ಹ್ಞೂಂ, ಒಂದು ಕಾಳು, ರಾಜನಿಗೆ ಒಬ್ಬಳು ಮಗಳಿದ್ದಳಂತೆ, ಹ್ಞೂಂ, ಅವಳನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟರಂತೆ, ಹ್ಞೂಂ, ನಾನು ತೂಕಡಿಸಿ ಹ್ಞೂಂ ತಪ್ಪಿದರೆ ಅಜ್ಜಿ ನಿಲ್ಲಿಸಿಬಿಡುತ್ತಿದ್ದಳು, ಕಾಳು ಬೆರಳಲ್ಲೇ ಹಿಡಿದುಕೊಂಡು, ಏನೇ ಊರ್ಮಿ, ಸತ್ತೇನೇ, ಪೆಟ್ಟಿಗೆ ಹೊಳೆ ಮಧ್ಯ ನಿಂತಿದೆ ನೋಡು, ಒಳಗೆ ಆ ಹುಡುಗಿಗೆ ಉಸಿರು ಕಟ್ತಾ ಇದೆ, ಹ್ಞೂಂ ಅನ್ನು ಬೇಗ. ಆಗ ನಾನು ಗಾಬರಿಯಿಂದ ಹ್ಞೂಂ ಹ್ಞೂಂ ಹ್ಞೂಂ, ಮೂರು ಕೊಟ್ಟರೆ ಪೆಟ್ಟಿಗೆ ಬೇಗ ತೇಲೀತು ಅಂತ. ಅದು ನನ್ನ ಗಂಟಲಿಗೆ ಅಂಟಿಬಿಟ್ಟಿದೆ, ಅದಕ್ಕೆ ನಾನೇನು ಮಾಡಲಿ, ಇಲ್ಲಿ ಲೈಬ್ರರಿ ಸೈನ್ಸ್ ಕ್ಲಾಸಿನಲ್ಲಿ ಮೊದಲ ವಾರವೇ ಪ್ರೊಫೆಸರು ಪಾಠ ನಿಲ್ಲಿಸಿ ಕೇಳಿದರು, ಹೇಳಿ ಮಿಸ್, ಏನೋ ಡೌಟು ಇರೋ ಹಾಗಿದೆ, ಇಲ್ಲ ಸರ್ ಅಂದೆ, ಕೇಳಿಸ್ಕೊಳ್ತಿದೀನಿ ಅಂದೆ, ಸದ್ದು ಮಾಡಿಕೊಂಡು ಕೇಳ್ತೀರಾ ಅಂತ ಎಲ್ಲರೂ ನಕ್ಕರು. ಮನೆಯಲ್ಲೂ ಅದೇ, ಫ್ರೀಮಾಂಟಿನ ಅಣ್ಣನ ಅಪಾರ್ಟ್‌ಮೆಂಟಿನಲ್ಲಿ, ಊರಿಂದ ಫೋನು ಬಂದರೆ ಅಮ್ಮ ಆ ಕಡೆಯಿಂದ ಒಂದೇ ಸಮ ಹೇಳುತ್ತಾಳೆ, ನಾನು ಈ ಕಡೆ ಹ್ಞೂಂ, ಹ್ಞೂಂ, ಅಣ್ಣ ವೆಂಕಟಾಚಲ ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಾನೆ, ಏನಾದ್ರೂ ಮಾತಾಡೇ ಮಾರಾಯ್ತಿ, ಪೆಸಿಫಿಕ್ ಸಮುದ್ರದ ಅಡಿಯಿಂದ ಬರೀ ಹ್ಞೂಂ ಕಳಿಸ್ತಿದೀಯಲ್ಲ. ಅತ್ತಿಗೆ ಶೈಲಜಾ ಅಡುಗೆಮನೆಯಿಂದಲೇ, ಬಿಡ್ರೀ, ಗಂಡನ ಮನೇಲಿ ಉಪಯೋಗಕ್ಕೆ ಬರತ್ತೆ. ಮತ್ತು ಪುಟ್ಟ ಇಂದು, ಅಣ್ಣನ ಮಗಳು, ಹೋದ ಬೇಸಿಗೆ ಒಲಿಂಪಿಕ್ಸ್ ನೋಡಲು ತಂದ ದೊಡ್ಡ ಟಿವಿಯ ಮುಂದಿಂದ ಅವಳನ್ನು ಎಬ್ಬಿಸಿ ಪೆಟ್ಟಿಗೆಯ ಕತೆ ಶುರುಮಾಡಿದೆ, ಅವಳು ದೊಡ್ಡ ಕಣ್ಣು ಬಿಟ್ಟುಕೊಂಡು ಕೂತಳು, ಸದ್ದಿಲ್ಲ, ನಾನು ನಿಲ್ಲಿಸಿದೆ, ವೈ ಡಿಡ್ ಯೂ ಸ್ಟಾಪ್ ಅತ್ತೆ, ನೀನು ಕೇಳ್ತಾನೇ ಇಲ್ಲವಲ್ಲೇ, ಐ ಆಮ್ ಲಿಸನಿಂಗ್, ಐ ಆಮ್ ಬೀಯಿಂಗ್ ಕ್ವಯಟ್ — ಹೌದು, ಇಲ್ಲಿ ಮೌನವಾಗಿದ್ದರೆ ಕೇಳುತ್ತಿದ್ದಾರೆ ಅಂತ ಅರ್ಥ, ಡೇಕೇರಿನಲ್ಲಿ ಹಾಗೇ ಕಲಿಸಿದ್ದಾರೆ, ಮೌನವಾಗಿ ಕೂತವರ ಮುಂದೆ ಹೇಳುವುದಾದರೂ ಹೇಗೆ, ಬಾವಿಗೆ ಕಲ್ಲು ಹಾಕಿ ನೀರಿನ ಸದ್ದೇ ಬರದಿದ್ದರೆ ಭಯವಾಗುವುದಿಲ್ಲವೇ.

ಮಿಸ್ ವರ್ಡೆಲ್ ಒಬ್ಬಳಿಗೇ ಅದು ವಿಚಿತ್ರ ಅನ್ನಿಸಲಿಲ್ಲ. ನಾನು ಕಂಪನಿಯಲ್ಲಿ ಪಾರ್ಸೆಲ್ ಕಟ್ಟುವವಳು, ರೆಕಾರ್ಡುಗಳಿಗೆ ರಟ್ಟು ಮಡಿಸಿ ಟೇಪು ಹಚ್ಚುವವಳು, ಅಣ್ಣನ ಡಾಟ್ಸನ್‌ನಲ್ಲಿ ಡ್ರೈವಿಂಗ್ ಕಲಿತು ಇನ್ನೂ ಫ್ರೀವೇಗೆ ಹೆದರುವವಳು, ಮಿಸ್ಟರ್ ಲೋವೆಲ್ ಒಂದು ದಿನ ಸ್ಟೇಷನ್ ವ್ಯಾಗನ್ನಿನ ಬೀಗದಕೈ ಕೊಟ್ಟು ರಿಚ್ಮಂಡಿನಿಂದ ಮಿಸ್ ವರ್ಡೆಲ್ ಪ್ರೂಯಿಟ್‌ರನ್ನ ಕರಕೊಂಡು ಬಾ ಅಂದರು, ದೊಡ್ಡ ಆಳು, ಚರ್ಚಿಗೆ ಹೋಗುವ ಟೋಪಿ, ಮಡಿಲಲ್ಲಿ ಕೈಚೀಲ, ಕೂತ ಕೂಡಲೇ ಸೀಟು ಒಂದು ಪಕ್ಕಕ್ಕೆ ವಾಲಿತು, ನಿಧಾನ ಹೋಗು ಬೇಬಿ, ನಾನು ಸಾಯೋಕೆ ಮೊದಲು ಒಂದು ಕೆಲಸ ಬಾಕಿ ಇದೆ, ಅಂದಳು, ಹ್ಞೂಂ ಅಂದೆ, ಅವಳು ನನ್ನ ಕಡೆ ತಿರುಗಿ ನೋಡಿದಳು, ಆಮೇಲೆ ಶುರುಮಾಡಿದಳು, ಲೂಯಿಸಿಯಾನದಿಂದ, ಹುಟ್ಟಿದ ಊರಿನ ಹೆಸರನ್ನು ಪ್ರತಿ ದಿನ ಬೇರೆ ಹೇಳುತ್ತಾಳೆ, ಕೇಳಿದರೆ ಆ ಊರಿಗೇ ತನ್ನ ಹೆಸರು ಗೊತ್ತಿರಲಿಲ್ಲ ಅನ್ನುತ್ತಾಳೆ, ಯುದ್ಧದ ಕಾಲಕ್ಕೆ ರೈಲು ಹತ್ತಿ ಬಂದು ಹಡಗು ಕಟ್ಟುವ ಯಾರ್ಡಿನಲ್ಲಿ ವೆಲ್ಡಿಂಗ್ ಮಾಡಿದ್ದು, ಮುಖವಾಡದ ಒಳಗೇ ಹಾಡಿಕೊಂಡಿದ್ದು, ಹ್ಞೂಂ, ಸಂಜೆ ಓಕ್ಲಂಡಿನ ಏಳನೇ ಬೀದಿಯ ಕ್ಲಬ್ಬುಗಳಲ್ಲಿ ಹಾಡಿದ್ದು, ಅಲ್ಲಿ ಒಂದು ಸಾಲು ಹಾಡಿದರೆ ಮೇಜು ಮೇಜಿನಿಂದ ಉತ್ತರ ಬರ್ತಿತ್ತು ಬೇಬಿ, ಹೌದಮ್ಮ, ನಿಜ ಹೇಳು, ಆಮೇಲೆ ಅಂತ, ನನ್ನ ಚರ್ಚಿನ ಮುದುಕಿಯರೂ ಹಾಗೇ, ನೀನು ಅವರ ಹಾಗೇ ಕೇಳ್ತೀಯ, ನಿನಗೆ ಯಾರು ಕಲಿಸಿದ್ದು. ಅಜ್ಜಿ, ಅಂದೆ. ಅವಳೂ ಹಾಡ್ತಾಳಾ. ಇಲ್ಲ, ಅವರೆಕಾಳು ಹಿತುಕುತ್ತಾಳೆ ಅನ್ನಲು ಇಂಗ್ಲಿಷು ಸಿಗಲಿಲ್ಲ. ಮೊದಲನೇ ರೆಕಾರ್ಡು ಟಯರ್ ಅಂಗಡಿಯವನೊಬ್ಬ ಮಾಡಿದ್ದಂತೆ, ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಫ್ರೆಸ್ನೊಗೆ ಹೋದನಂತೆ, ಅಲ್ಲಿಯ ಬಿಸಿಲಿಗೆ ಪ್ಲೇಟುಗಳೆಲ್ಲ ಹಪ್ಪಳದ ಹಾಗೆ ಸೊಟ್ಟಗಾಗಿ ದನಿ ಮೇಲೆ ಕೆಳಗೆ ತೊನೆದು, ಫ್ರೆಸ್ನೊದ ಜನ ಅದೇ ನನ್ನ ಸ್ಟೈಲು ಅಂದ್ಕೊಂಡ್ರು ಬೇಬಿ, ಒಬ್ಬಳು ಹುಡುಗಿ ಹಾಗೇ ತೊನೆದು ಹಾಡೋಕೆ ಕಲಿತಿದ್ಲು, ಅಂತ ನಕ್ಕು ನಕ್ಕು ಟೋಪಿ ಜಾರಿತು. ಎರಡನೆಯದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಜಾಜ್ ಹಾಡುಗಳು, ಹಿತ್ತಾಳೆಯ ವಾದ್ಯಗಳ ಸಾಲು, ಒಳ್ಳೆಯ ಸೂಟು ಹಾಕಿದ ಜನ, ರೆಕಾರ್ಡು ಅಂಗಡಿಗೆ ಬಂದ ದಿನ ಹೋಗಿ ನೋಡಿದರೆ ಹೊದಿಕೆಯ ಮೇಲೆ ಬೇರೆ ಯಾರದೋ ಫೋಟೊ, ತೆಳ್ಳಗೆ, ಬೆಳ್ಳಗೆ, ಗುಲಾಬಿ ಹಿಡಿದುಕೊಂಡವಳು — ಇಲ್ಲಿ ಅವಳು ನಗಲಿಲ್ಲ, ನಾನು ಹ್ಞೂಂ ಅನ್ನುವುದು ತಡವಾಯಿತು. ಮೂರನೆಯದು ಈ ಹಾಡು.

ಏಳನೇ ಬೀದಿಯನ್ನು ಕೆಡವಲು ಬಂದವರು ಅವಳ ಬಾಗಿಲಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು ಹೋದರಂತೆ. ಅದೇ ಹಾಡು. ನನ್ನ ಬಾಗಿಲ ಮೇಲೆ ನಂಬರು ಬರೆದು ಹೋದರು, ಅಂತ ಒಂದು ಸಲ, ಅದೇ ಸಾಲು ಇನ್ನೊಂದು ಸಲ, ಆಮೇಲೆ ಒಂದು ಉತ್ತರದ ಸಾಲು, ಮನೆಗೆ ಹೆಸರಿತ್ತು ಯಾರೂ ಕೇಳಲಿಲ್ಲ. ಒಂದೇ ಸಾಲು ಯಾಕೆ ಎರಡು ಸಲ ಅಂತ ನಾನು ದಡ್ಡಿಯ ಹಾಗೆ ಕೇಳಿದ್ದೆ, ಮೊದಲನೇ ಸಲ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ ಬೇಬಿ, ಅದಕ್ಕೆ, ಅಂದಳು. ಎರಡನೇ ಚರಣದಲ್ಲಿ ಆ ನಂಬರನ್ನು ತಿಕ್ಕಿ ತೊಳೆಯುತ್ತಾಳೆ, ಮಾರನೇ ದಿನ ಅವರು ಮತ್ತೆ ಬರೆಯುತ್ತಾರೆ. ಮೂರನೆಯದನ್ನು ಹಾಡಲು ಹೊರಟಾಗ ಆಗಿನ ಕಂಪನಿಯವನು ಕೈಗಡಿಯಾರ ತೋರಿಸಿದನಂತೆ, ಮೂರು ನಿಮಿಷ ದಾಟಿದರೆ ಜ್ಯೂಕ್‌ಬಾಕ್ಸಿನವರು ಮುಟ್ಟಲ್ಲ ವರ್ಡೆಲ್, ಎರಡು ಸಾಕು, ಕತೆ ಮುಗಿದಿಲ್ಲವಲ್ಲ ಅಂದಳಂತೆ, ಕತೆ ಯಾರಿಗೆ ಬೇಕು, ಜನಕ್ಕೆ ಕುಣಿಯೋಕೆ ಬೇಕು ಅಂದನಂತೆ. ಆಮೇಲೆ ಬೀದಿ ಹೋಯಿತು, ಆ ಕಂಪನಿ ಹೋಯಿತು, ಅವಳು ಒಂದು ಶಾಲೆಯ ಕ್ಯಾಂಟೀನಿನಲ್ಲಿ ದೊಡ್ಡ ಚಮಚ ಹಿಡಿದುಕೊಂಡು ಮಕ್ಕಳಿಗೆ ಬೀನ್ಸ್ ಬಡಿಸಿದಳು, ತಟ್ಟೆ ತೊಳೆಯುವ ಯಂತ್ರದ ಗದ್ದಲದಲ್ಲಿ ಹಾಡಿಕೊಂಡಳು, ಆದರೆ ಅದನ್ನಲ್ಲ, ಮೂರನೇ ಚರಣವನ್ನು ಅವಳು ಯಾರ ಮುಂದೆಯೂ ಹಾಡಿಲ್ಲ, ಮೈಕಿಗೆ ಅಂತ ಇಟ್ಟಿದೀನಿ, ಅಂದಳು, ನನಗೂ ಹೇಳಲಿಲ್ಲ, ಕಾರಿನಲ್ಲಿ ಎಷ್ಟು ಪೀಡಿಸಿದರೂ ಹೇಳಲಿಲ್ಲ. ಬಾಕಿ ಇರೋ ಕೆಲಸ ಅಂದ್ರೆ ಅದೇನಾ, ಅಂತ ಕೇಳಿದೆ. ಅದೇ. ಆಗ ನನ್ನ ನಾಲಿಗೆ ಸುಮ್ಮನಿರಬಾರದೇ, ಮಿಸ್ ವರ್ಡೆಲ್, ಅದು ಟೇಪಿಗೆ ಬರೋವರೆಗೂ ನಾನು ಎದ್ದು ಹೋಗಲ್ಲ, ಪ್ರಾಮಿಸ್ ಅಂದೆ, ಅವಳು ತನ್ನ ದೊಡ್ಡ ಕೈಯನ್ನು ಗೇರಿನ ಮೇಲಿದ್ದ ನನ್ನ ಕೈಯ ಮೇಲಿಟ್ಟಳು, ನಾನು ಗಾಬರಿಯಾಗಿ ಗೇರು ತಪ್ಪಿಸಿದೆ, ವ್ಯಾಗನ್ನು ಸ್ಯಾನ್ ಪಾಬ್ಲೊ ರಸ್ತೆಯ ಮಧ್ಯೆ ಎಮ್ಮೆಯ ಹಾಗೆ ನಿಂತುಬಿಟ್ಟಿತು, ಹಿಂದಿನವರೆಲ್ಲ ಹಾರ್ನು.

ಹಾಳು ಮಾಡಿದವಳೂ ನಾನೇ. ಮೊದಲನೇ ದಿನ ಅವಳೇ ಕೇಳಿಕೊಂಡು ನನ್ನನ್ನು ಒಳಗೆ ಕೂರಿಸಿಕೊಂಡಿದ್ದಳು, ಮೈಕಿನ ಹತ್ತಿರ, ಈ ಹಾಡನ್ನೇ ಮೊದಲು ಹಿಡಿದಳು, ಅಯ್ಯೋ ಏನು ಹಾಡಿದಳು ಅವತ್ತು, ದನಿ ಗಂಟಲಿಂದ ಬರಲಿಲ್ಲ, ನೆಲದಿಂದ ಹತ್ತಿ ಬಂತು, ಟಾಲಿವರನ ಬೆನ್ನು ನೆಟ್ಟಗಾಯಿತು, ಒಂದಾಯಿತು, ಎರಡಾಯಿತು, ಮೂರನೆಯದಕ್ಕೆ ಬಾಯಿ ತೆರೆದಳು, ಮೊದಲ ಅಕ್ಷರದ ಗಾಳಿ ಹೊರಗೆ ಬಂದೇ ಬಿಟ್ಟಿತ್ತು — ಡೇಲ್ ಟೇಪು ನಿಲ್ಲಿಸಿದ. ಸ್ಪೀಕರಿನಲ್ಲಿ ಅವನ ದನಿ, ಸಾರಿ ಜನಗಳೇ, ಒಳಗೆ ಯಾವುದೋ ಜೇನುಹುಳ ಸೇರಿಕೊಂಡಿದೆ. ಎಲ್ಲರೂ ತಾರಸಿ ನೋಡಿದರು, ಬೇಸ್ ನುಡಿಸುವವನು ತನ್ನ ವಾದ್ಯದ ಹಿಂದೆ ಹುಡುಕಿದ, ಡೇಲ್ ಟೇಪನ್ನು ಹಿಂದೆ ಸುತ್ತಿ ಹಾಕಿದ, ನನ್ನ ಬಾಗಿಲ ಮೇಲೆ ನಂಬರು ಬರೆದು ಹೋದರು, ಹ್ಞೂಂ, ನನ್ನ ಬಾಗಿಲ ಮೇಲೆ ನಂಬರು ಬರೆದು ಹೋದರು, ಹ್ಞೂಂ — ಸ್ಪಷ್ಟವಾಗಿ, ಮೂಗಿನಿಂದ, ಚಿಕ್ಕಬಳ್ಳಾಪುರದ ಹ್ಞೂಂ, ಸಾಲು ಸಾಲಿಗೂ. ನನಗೆ ಅಂದಿದ್ದು ನೆನಪೇ ಇರಲಿಲ್ಲ. ನೆಲ ಬಾಯಿ ಬಿಡಲಿ ಅನ್ನಿಸಿತು. ಮಿಸ್ಟರ್ ಲೋವೆಲ್ ಒಳಗೆ ಬಂದು ತುಂಬ ಮೆತ್ತಗೆ ಹೇಳಿದರು, ಅವಳ ದನಿಯ ಮೈಕಿನಲ್ಲೇ ಸೇರಿಬಿಟ್ಟಿದೆ, ತೆಗೆಯೋಕಾಗಲ್ಲ, ಕೇಳುವ ಜನಕ್ಕೆ ಮಿಸ್ ವರ್ಡೆಲ್ ಬೇಕು, ಶುದ್ಧವಾಗಿ, ಅವಳೊಬ್ಬಳೇ. ಅವಳು ಯಾವತ್ತು ಒಬ್ಬಳೇ ಹಾಡಿದ್ದಳು, ಕ್ಲಬ್ಬಿನಲ್ಲಿ ಒಬ್ಬಳೇ ಇದ್ದಳೇ, ಚರ್ಚಿನಲ್ಲಿ ಒಬ್ಬಳೇ ಇದ್ದಳೇ, ಇದನ್ನೆಲ್ಲ ನಾನು ಕೇಳಬೇಕಿತ್ತು, ಕೇಳಲಿಲ್ಲ, ಬಾಯಿ ತೆರೆದರೆ ಇನ್ನೇನು ಬರುತ್ತದೋ ಅಂತ ಹೆದರಿಕೆ. ನಾನು ಮಿಸ್ ವರ್ಡೆಲ್ ಕಡೆ ನೋಡಿದೆ, ಅವಳಾದರೂ ಒಂದು ಮಾತು ಹೇಳುತ್ತಾಳೆ ಅಂತ, ಈ ಹುಡುಗಿ ಇರಲಿ ಅಂತ. ಅವಳು ಕೈಚೀಲದಿಂದ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡಳು. ಹುಡುಗಿ ಆ ಕಡೆ ಕೂರಲಿ, ನಾನು ಈ ಕೆಲಸಕ್ಕೆ ಹೊಸಬಳಲ್ಲ, ನನ್ನ ಕೈ ಯಾರೂ ಹಿಡ್ಕೋಬೇಕಾಗಿಲ್ಲ. ಅಷ್ಟೇ. ನಾನು ಎದ್ದು ಈ ಕಡೆ ಬಂದೆ. ಅವತ್ತಿಂದ ಡೇಲ್ ನನ್ನನ್ನು ಬೀ, ಜೇನುಹುಳ, ಅಂತ ಕರೆಯುತ್ತಾನೆ, ಹಾಯ್ ಬೀ, ಕಾಫಿ ಬೇಕಾ ಬೀ. ಇವತ್ತು ಬೆಳಿಗ್ಗೆ ವ್ಯಾಗನ್ನಿನಲ್ಲಿ ಅವಳು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು, ರಿಚ್ಮಂಡಿನಿಂದ ಇಲ್ಲಿಯವರೆಗೆ ಒಂದು ಮಾತಿಲ್ಲ, ನಾನೂ ಹಟ ಹಿಡಿದು ಸುಮ್ಮನಿದ್ದೆ, ಮಾತೇ ಇಲ್ಲದಾಗ ಹ್ಞೂಂ ಎಲ್ಲಿಂದ ಬರಬೇಕು, ಸಿಟ್ಟು ಮಾತ್ರ ಇತ್ತು, ನನ್ನ ಮೇಲೆ, ಅವಳ ಮೇಲೆ, ಆ ಟೋಪಿಯ ಮೇಲೆ.

ಮತ್ತೆ ಮೊದಲಿಂದ. ಮೊದಲ ಚರಣ. ಸರಿಯಾಗಿದೆ, ಎಲ್ಲ ಸರಿಯಾಗಿದೆ, ಇಸ್ತ್ರಿ ಹಾಕಿದ ಹಾಗೆ ಸರಿಯಾಗಿದೆ, ಸಾಲು ಮುಗಿದ ಕೂಡಲೇ ಅವಳ ಹುಬ್ಬು ಒಂದು ಚೂರು ಮೇಲೆ ಹೋಗುತ್ತದೆ, ಕಾಯುತ್ತಾಳೆ, ಅವಳಿಗೇ ಗೊತ್ತಿಲ್ಲ ತಾನು ಕಾಯುತ್ತಿದ್ದೇನೆ ಅಂತ, ನನಗೆ ಮಾತ್ರ ಕಾಣುತ್ತದೆ, ಈ ಗಾಜಿಗೆ ಹಣೆ ಒತ್ತಿಕೊಂಡು ಕೂತ ನನಗೆ, ಹ್ಞೂಂ ಅನ್ನುತ್ತೇನೆ ತುಟಿ ಬಿಚ್ಚದೆ, ಅಲ್ಲಿಗೆ ಹೋಗುವುದಿಲ್ಲ ಅದು, ಎರಡನೇ ಚರಣ, ಹುಬ್ಬು, ಕಾಯುವುದು, ಏನೂ ಇಲ್ಲ, ದನಿ ಸ್ವಲ್ಪ ಸ್ವಲ್ಪವಾಗಿ ಒಳಗೆ ಸರಿಯುತ್ತಿದೆ, ಹಿಂದಿನ ಹಳಿಯ ಮೇಲೆ ಗೂಡ್ಸ್ ರೈಲು ಕೂಗಿತು, ಡೇಲ್ ಒಂದು ಕೆಟ್ಟ ಮಾತು ಬೈದು ಟೇಪು ನಿಲ್ಲಿಸಿದ, ಈ ಸಲ ಕೈ ಎತ್ತುವ ಕೆಲಸವನ್ನು ರೈಲೇ ಮಾಡಿತು. ನಾಲ್ಕೂವರೆ ದಾಟಿದೆ. ಮಿಸ್ಟರ್ ಲೋವೆಲ್ ಗುಂಡಿ ಒತ್ತಿ ಮೈಕಿನಲ್ಲಿ ಹೇಳಿದರು, ಮಿಸ್ ವರ್ಡೆಲ್, ಎರಡು ಚರಣ ಬಹಳ ಚೆನ್ನಾಗಿ ಸಿಕ್ಕಿದೆ, ಅಲ್ಲಿಗೇ ಪಿಯಾನೊದಿಂದ ಮುಗಿಸಿದರೂ ಹಾಡು ಪೂರ್ತಿ ಅನ್ನಿಸುತ್ತೆ, ಹಳೆಯ ರೆಕಾರ್ಡು ಕೂಡ ಹಾಗೇ ಇದೆಯಲ್ಲ. ಹಳೆಯ ರೆಕಾರ್ಡು ಕೂಡ ಹಾಗೇ ಇದೆಯಲ್ಲ! ಗಾಜಿನ ಆಚೆ ಅವಳು ಟೋಪಿ ಸರಿಮಾಡಿಕೊಂಡಳು, ನಿಮ್ಮಿಷ್ಟ, ಅಂದಳು, ಎರಡು ಸಾಕು ಅಂದವರೇನೂ ನೀವೇ ಮೊದಲಲ್ಲ. ಕೈಚೀಲಕ್ಕೆ ಕೈ ಹಾಕಿದಳು. ಹೊರಡುವವರು ಹಾಕುವ ಹಾಗೆ. ಯಾರಾದರೂ ಏನಾದರೂ ಹೇಳಿ, ಟಾಲಿವರ್, ಡೇಲ್, ಯಾರಾದರೂ, ಒಬ್ಬರೂ ಇಲ್ಲ, ಎಲ್ಲರೂ ಸಭ್ಯರು, ಎಲ್ಲರೂ ಮೌನವಾಗಿ ಕೇಳಿಸಿಕೊಳ್ಳುವವರು — ನಾನು ಎದ್ದಿದ್ದು ನನಗೆ ಗೊತ್ತಾದದ್ದು ಕುರ್ಚಿ ಕೆಳಗೆ ಬಿದ್ದ ಮೇಲೆ. ಎಲ್ಲಿಗೆ ಬೀ, ಅಂದ ಡೇಲ್. ಒಳಗೆ. ಒಳಗೆ ಜೇನುಹುಳಕ್ಕೆ ಪ್ರವೇಶ ಇಲ್ಲ. ಸದ್ದು ಬಂದರೆ ನನ್ನನ್ನ ಕಿಟಕಿಯಿಂದ ಎಸೆದುಬಿಡು, ಅಂದೆ, ಇಷ್ಟು ಇಂಗ್ಲಿಷು ನನಗೆ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ, ಇಲ್ಲಿ ಕಿಟಕಿಯೇ ಇಲ್ಲ ಅಂತ ಅವನು, ಮಿಸ್ಟರ್ ಲೋವೆಲ್ ಬಾಯಿ ತೆರೆದರು, ಡೇಲ್ ಬೀಜದ ಸಿಪ್ಪೆಯನ್ನು ಲೋಟಕ್ಕೆ ಉಗಿದು, ಬಿಡಿ ಬಾಸ್, ಐದರೊಳಗೆ ಇನ್ನೂ ಒಂದು ಸಲಕ್ಕೆ ಟೈಮಿದೆ, ಟೇಪೂ ಇದೆ, ಆ ಬಳೆ ಮಾತ್ರ, ಅಂತ ನನ್ನ ಕೈ ತೋರಿಸಿದ. ಗಾಜಿನ ಬಳೆಗಳು. ಬರಿಗೈ ಮಾಡಿಕೊಂಡು ಮನೆಗೆ ಹೋದರೆ ಅತ್ತಿಗೆ ಊರಿಗೇ ಫೋನು ಮಾಡಿಯಾಳು, ದುಪಟ್ಟಾದ ತುದಿಯನ್ನು ಹರಿದೆ, ಹರಿದೇಬಿಟ್ಟೆ, ಬಳೆಗಳ ಸುತ್ತ ಬಿಗಿಯಾಗಿ ಸುತ್ತಿದೆ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ.

ಒಳಗೆ ಗಾಳಿಯೇ ಬೇರೆ, ಗೋಡೆಗಳೆಲ್ಲ ಕಂಬಳಿ, ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತದೆ. ಅವಳು ತಲೆ ಎತ್ತಲಿಲ್ಲ. ಹುಡುಗಿ, ವ್ಯಾಗನ್ನು ತೆಗೆ, ಮನೆಗೆ ಹೋಗೋಣ. ಇಲ್ಲ ಮಿಸ್ ವರ್ಡೆಲ್. ಇಲ್ಲ ಅಂದ್ರೆ. ಮೂರನೇದು ನಾನಿನ್ನೂ ಕೇಳಿಲ್ಲ. ಯಾರೂ ಕೇಳಿಲ್ಲ, ಅಂದಳು, ಯಾರಿಗೂ ಏನೂ ಕಡಿಮೆಯಾಗಿಲ್ಲ. ನನಗೆ ಕಡಿಮೆಯಾಗಿದೆ, ಅಂದೆ, ದನಿ ಅಳುವ ಹಾಗೆ ಬಂತು, ಅದಕ್ಕೆ ಇನ್ನೂ ಸಿಟ್ಟು ಬಂತು, ನೀವು ಹಾಡಿನೊಳಗಿನ ಆ ಹೆಂಗಸನ್ನ ಬಾಗಿಲು ತೊಳೆಯೋ ಹಾಗೆ ಮಾಡಿ ಅಲ್ಲೇ ನಿಲ್ಲಿಸಿಬಿಟ್ಟಿದೀರಿ, ಬಕೆಟ್ಟು ಹಿಡ್ಕೊಂಡು ನಿಂತೇ ಇದಾಳೆ, ಎಷ್ಟು ವರ್ಷದಿಂದ, ಅವಳ ಕೈ ನೋಯಲ್ವಾ. ಟಾಲಿವರ್ ಪಿಯಾನೊದ ಹಿಂದಿನಿಂದ ಕೆಮ್ಮಿದ, ಹುಡುಗಿ ಹೇಳೋದು ಸರಿ ವರ್ಡೆಲ್, ನನ್ನ ಬೆನ್ನೂ ನೋಯ್ತಿದೆ. ನಿನ್ನನ್ನ ಯಾರು ಕೇಳಿದ್ದು ಮುದುಕ. ಅವಳು ನನ್ನ ಕಡೆ ತಿರುಗಿದಳು. ಅವತ್ತು ನಿನ್ನನ್ನ ಕಳಿಸಿಬಿಟ್ಟೆ ಅಂತ ಸಿಟ್ಟಾ. ಹೌದು. ಸಿಟ್ಟು ಬರಬೇಕು, ನನಗೂ ಬಂದಿತ್ತು, ನಿನ್ನ ಮೇಲಲ್ಲ, ಇಷ್ಟು ವರ್ಷ ಹಾಡಿ ಒಂದು ಪುಟ್ಟ ಹುಡುಗಿಯ ಗುಂಯ್‌ಗಾಗಿ ನನ್ನ ಗಂಟಲು ಕಾಯ್ತಾ ಕೂತಿದೆಯಲ್ಲ ಅಂತ, ಅಂದಳು, ಚೀಲದಿಂದ ಕೈ ತೆಗೆದಳು, ಅಲ್ಲೇನು ನಿಂತಿದೀಯ, ಕುರ್ಚಿ ಇದೆ. ನಾನು ನೆಲದ ಮೇಲೆ ಕೂತೆ. ಕಾರ್ಪೆಟ್ಟು, ವೈರುಗಳು, ಅವಳ ದಪ್ಪ ಕಾಲು, ಚಪ್ಪಲಿಯ ತಾಳ ಮೈಕಿಗೆ ಸಿಗುತ್ತದೆ ಅಂತ ಡೇಲ್ ಮೊದಲೇ ಬಿಚ್ಚಿಸಿದ್ದ, ಕಂದು ಕಾಲುಚೀಲದೊಳಗೆ ಊದಿಕೊಂಡ ಪಾದ. ಬಾಯಿ ಮುಚ್ಚಿಕೊಂಡು ಹೇಗೆ ಕೇಳ್ತೀಯ, ಅಂದಳು. ನಾನು ಅವಳ ಕಾಲಿನ ಹರಡಿನ ಸುತ್ತ ಬಲಗೈ ಹಿಡಿದು ಹೆಬ್ಬೆರಳಿನಿಂದ ಒಂದು ಸಲ ಒತ್ತಿದೆ. ಹೀಗೆ. ಅವಳು ಹ್ಹ ಅಂತ ಸಣ್ಣಗೆ ನಕ್ಕಳು, ಕಚಗುಳಿ ಆಗುತ್ತೆ, ಅಂದಳು, ಆಮೇಲೆ ನಗಲಿಲ್ಲ. ಟಾಲಿವರ್, ಹಿಡಿ.

ನನ್ನ ಬಾಗಿಲ ಮೇಲೆ ನಂಬರು ಬರೆದು ಹೋದರು — ಒತ್ತಿದೆ — ಅದೇ ಸಾಲು ಮತ್ತೆ, ಒತ್ತಿದೆ, ಅವಳ ಹಿಮ್ಮಡಿ ಮೇಲೇಳುತ್ತದೆ, ಇಳಿಯುತ್ತದೆ, ತಾಳ ಅಲ್ಲೇ ಇದೆ, ಹಿಮ್ಮಡಿಯಲ್ಲಿ, ನಾನು ಗಾಜಿನ ಆಚೆಯಿಂದ ಮುಖವನ್ನೇ ನೋಡುತ್ತಿದ್ದೆ, ಹಾಡು ಇಲ್ಲಿ ಕೆಳಗೆ ನಡೆಯುತ್ತಿತ್ತು, ಮನೆಗೆ ಹೆಸರಿತ್ತು ಯಾರೂ ಕೇಳಲಿಲ್ಲ, ಒತ್ತಿದೆ, ನರ ಬೆರಳಿನ ಕೆಳಗೆ ಟಪ್ ಅಂತ ತಿರುಗಿ ಹೊಡೆಯಿತು, ಎಡಗೈಯನ್ನು ಕಾರ್ಪೆಟ್ಟಿಗೆ ಊರಿ ಕೂತಿದ್ದೇನೆ, ಕೈ ಜೋಮು ಹಿಡಿಯುತ್ತಿದೆ, ಅಲುಗಾಡಬಾರದು, ದನಿ ಬರುತ್ತಿದೆ, ಸ್ಪೀಕರಿನ ದನಿಯಲ್ಲ, ಮೊಳಕಾಲಿನಿಂದ ಬರುತ್ತಿದೆ, ಎರಡನೇ ಚರಣ, ತಿಕ್ಕಿ ತೊಳೆದೆ, ಒತ್ತಿದೆ, ತಿಕ್ಕಿ ತೊಳೆದೆ, ಒತ್ತಿದೆ, ಬೆಳಗಾದರೆ ಮತ್ತೆ ಬರೆದಿದ್ದರು, ಹಿಮ್ಮಡಿ ಮೇಲೆ, ಕೆಳಗೆ, ಪಿಯಾನೊ ಸುತ್ತಿಕೊಂಡು ಬರುತ್ತಿದೆ, ಈಗ, ಇದೇ ಜಾಗ, ಇಲ್ಲೇ ಕೈ ಎತ್ತುವುದು, ನಾನು ನೋಡುವುದಿಲ್ಲ, ಕಾಲನ್ನು ಮಾತ್ರ ಹಿಡಿದುಕೊಂಡಿರುತ್ತೇನೆ, ಕೈ ಎತ್ತಿದರೆ ಎತ್ತಲಿ, ಸುತ್ತು ಮುಗಿಯಿತು, ಏನೂ ಇಲ್ಲ, ಟಾಲಿವರ್ ಇನ್ನೊಂದು ಸುತ್ತು ತೆಗೆದುಕೊಂಡ, ಅವಸರವಿಲ್ಲ ಅನ್ನುವ ಹಾಗೆ, ಹಿಮ್ಮಡಿ ಗಾಳಿಯಲ್ಲಿ ನಿಂತಿದೆ, ಇಳಿದಿಲ್ಲ, ಸಾಲು ಕೇಳುವ ಮೊದಲೇ ಒತ್ತಿದೆ, ಗಟ್ಟಿಯಾಗಿ, ಆಮೇಲೆ ಏನಾಯಿತು, ಹೇಳಿ, ಆಮೇಲೆ — ಬಾಗಿಲನ್ನು ಕಿತ್ತು ಬೆನ್ನ ಮೇಲೆ ಹೊತ್ತು ನಡೆದೆ. ಬಂತು. ಬಂತು. ಒತ್ತಿದೆ. ಬಾಗಿಲನ್ನು ಕಿತ್ತು ಬೆನ್ನ ಮೇಲೆ ಹೊತ್ತು ನಡೆದೆ, ಮನೆಯಿಲ್ಲ, ಗೋಡೆಯಿಲ್ಲ, ಬೀದಿ ಬೀದಿಯಲ್ಲಿ ಒಬ್ಬಳು ಬಾಗಿಲು ಹೊತ್ತುಕೊಂಡು, ನನಗೆ ಕಾಣುತ್ತಿದೆ, ಒತ್ತಿದೆ, ಮತ್ತು ಉತ್ತರದ ಸಾಲು, ಅವಳು ಅದನ್ನು ಹಾಡಲಿಲ್ಲ, ಇಟ್ಟಳು, ಇಳಿಸಿದಲ್ಲೆಲ್ಲ ನಾನೇ ತಟ್ಟಿದೆ, ಒಳಗೆ ನಾನೂ ಇರಲಿಲ್ಲ — ನನ್ನ ಹೆಬ್ಬೆರಳು ಒತ್ತಲಿಲ್ಲ, ಒತ್ತುವುದನ್ನೇ ಮರೆತುಬಿಟ್ಟಿತು, ಎತ್ತಿದ ಹಿಮ್ಮಡಿ ಒಂದು ಕ್ಷಣ ಹಾಗೇ, ಆಮೇಲೆ ಇಳಿಯಿತು, ಅವಳ ಇಡೀ ಭಾರದೊಂದಿಗೆ ಇಳಿಯಿತು, ಕಾರ್ಪೆಟ್ಟಿನ ಮೇಲಲ್ಲ, ನನ್ನ ಎಡಗೈಯ ಬೆರಳುಗಳ ಮೇಲೆ. ಅಮ್ಮಾ. ಇಲ್ಲ, ಬಾಯಿ ತೆರೆಯಬಾರದು, ಟಾಲಿವರನ ಕೊನೆಯ ಸ್ವರ ಇನ್ನೂ ಹೋಗುತ್ತಿದೆ, ಅದು ಪೂರ್ತಿ ಹೋಗುವವರೆಗೆ ಟೇಪು ಓಡುತ್ತದೆ, ಡೇಲ್ ಹೇಳಿದ್ದ, ಕೊನೆಯ ಸ್ವರ ಸಾಯುವವರೆಗೆ ಯಾರೂ ಉಸಿರಾಡಬೇಡಿ, ಹಿಮ್ಮಡಿ ನನ್ನ ಬೆರಳ ಮೇಲೆ, ಅವಳಿಗೆ ಗೊತ್ತಿಲ್ಲ, ಕಣ್ಣು ಮುಚ್ಚಿದ್ದಾಳೆ, ಕಣ್ಣಿನಿಂದ ನೀರು, ನನ್ನ ಕಣ್ಣಿನಿಂದ, ಅವಳದೂ ಇರಬಹುದು, ಮೇಲೆ ನೋಡಲಾರೆ, ಹಿಮ್ಮಡಿ, ಸ್ವರ ದಾರದಷ್ಟಾಗಿದೆ, ಇನ್ನೂ ಇದೆ, ಹಿಮ್ಮಡಿ, ಕೂದಲಿನಷ್ಟಾಗಿದೆ, ಇನ್ನೂ ಇದೆ, ಕಾಲುಚೀಲದ ಒಂದು ಎಳೆ ಬಿಚ್ಚಿಕೊಂಡಿದೆ, ಹಿಮ್ಮಡಿ, ಇನ್ನೂ ಇದೆಯೇ, ಇಲ್ಲ, ಹೋಯಿತು, ಆಯಿತು, ಮೂರೂ ಆಯಿತು, ಯಾರೂ ಅಲುಗಾಡುತ್ತಿಲ್ಲ, ಹಿಮ್ಮಡಿ, ನನ್ನ ಬೆರಳ ಮೇಲೆ, ಹಿಮ್ಮಡಿ